ನೀರಿಗಿಂತ ಮೊದಲು ಸುದ್ದಿ ಮುಟ್ಟಬೇಕು

ರಾತೂ ದೊಡ್ಡ ನದಿಯಲ್ಲ. ನೇಪಾಳದ ಚುರೆ ಬೆಟ್ಟಗಳಲ್ಲಿ ಹುಟ್ಟಿ, ಮಹೋತ್ತರಿ ಜಿಲ್ಲೆ ದಾಟಿ, ಬಿಹಾರದ ಸೀತಾಮಢಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ನೋಡಿದರೆ ಬರೀ ಮರಳು. ಬೆಟ್ಟದಲ್ಲಿ ಜೋರು ಮಳೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಊರೊಳಗೆ ನೀರು. ಈ ಹೊಳೆಯ ನೆರೆ ಸುದ್ದಿ ಗಡಿ ದಾಟಿ ಬೇಗ ಮುಟ್ಟುವಂತೆ ಮಾಡುವುದು ನಮ್ಮ ಸಣ್ಣ ತಂಡದ ಕೆಲಸವಾಗಿತ್ತು.

ಎರಡು ದೇಶಗಳ ನಡುವೆ ಒಪ್ಪಂದವೇ ಇಲ್ಲ ಅಂತಲ್ಲ. ದೊಡ್ಡ ನದಿ ಕೋಸಿಯ ಒಪ್ಪಂದ 1954ರದ್ದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಕೋಸಿ ಬ್ಯಾರೇಜಿನಿಂದ 6.61 ಲಕ್ಷ ಕ್ಯೂಸೆಕ್ ನೀರು ಹರಿದಾಗ ಆ ಅಂಕಿ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ರಾತೂವಿನಂಥ ಹೊಳೆಯ ಅಂಕಿ ಯಾರ ಬಾಯಲ್ಲೂ ಬರುವುದಿಲ್ಲ. ಅದರ ಸುದ್ದಿ ಕಾಠ್ಮಂಡು, ದೆಹಲಿ, ಪಟ್ನಾ ಸುತ್ತಿಕೊಂಡು ಬರುವಷ್ಟರಲ್ಲಿ ನೀರು ಬಂದು ಹೋಗಿರುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಅದು ಒಮ್ಮೆಲೇ ಸುರಿದಾಗ ಮೊದಲು ಉಕ್ಕುವುದು ಇಂಥ ಸಣ್ಣ ಹೊಳೆಗಳೇ.

ಹಿಮಾಲಯದ ಬೆಟ್ಟ ಪ್ರದೇಶಗಳ ಬಗ್ಗೆ ಕೆಲಸ ಮಾಡುವ ಕಾಠ್ಮಂಡುವಿನ ಐಸಿಮೋಡ್ ಸಂಸ್ಥೆಯಲ್ಲಿ ಭಾರತ, ನೇಪಾಳ ಸೇರಿ ಎಂಟು ದೇಶಗಳಿವೆ. ಹಳ್ಳಿಯವರೇ ನಡೆಸುವ ನೆರೆ ಎಚ್ಚರಿಕೆಗೆ ಅದು ತೋರಿಸಿಕೊಟ್ಟ ದಾರಿ ಸರಳ. ಮೇಲೆ ನೀರಿನ ಮಟ್ಟ ಅಳೆಯುವ ಸಾಧನ, ಅದನ್ನು ನೋಡಿಕೊಳ್ಳಲು ಒಬ್ಬರು, ಅವರಿಂದ ಕೆಳಗಿನವರಿಗೆ ಫೋನ್. ನಾವೂ ಅದನ್ನೇ ಹಿಡಿದೆವು. ಒಂದು ಫೋನ್ ಮಾಡುವುದು ಎಷ್ಟರ ಮಾತು ಅಂದುಕೊಂಡಿದ್ದೆ.

ಮೊದಲು ತಪ್ಪಿದ್ದು ಲೆಕ್ಕ. ಮೇಲೆ ನೀರು ಏರಿದ ಎಷ್ಟು ಹೊತ್ತಿಗೆ ಕೆಳಗೆ ಏರುತ್ತದೆ ಅಂತ ಎರಡೂ ಕಡೆಯ ದಾಖಲೆ ಪುಸ್ತಕ ಇಟ್ಟುಕೊಂಡು ಕೂತೆ. ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ಅದನ್ನು ಕಳೆಯಲು ಮರೆತಿದ್ದೆ. ಅದಕ್ಕಿಂತ ದೊಡ್ಡ ತಪ್ಪು ತಾರೀಕಿನದು. ಅಲ್ಲಿನ ಪುಸ್ತಕದಲ್ಲಿ ನೇಪಾಳದವರು ಬಳಸುವ ವಿಕ್ರಮ ಸಂವತ್ ಪಂಚಾಂಗದ ಅಸಾರ್, ಸಾವುನ್ ತಿಂಗಳುಗಳು. ಬದಲಾಯಿಸುವಾಗ ಒಂದು ದಿನ ಹಿಂದುಮುಂದಾಗಿ, ಒಂದು ರಾತ್ರಿಯ ಏರಿಕೆಯನ್ನು ಮರುದಿನದ ಏರಿಕೆಗೆ ಜೋಡಿಸಿಬಿಟ್ಟಿದ್ದೆ. ಕೆಳಗಿನ ಊರಿನ ಒಬ್ಬ ರೈತರು ಪುಸ್ತಕ ನೋಡದೆಯೇ ಹೇಳಿದರು: "ಇಲ್ಲ, ಆ ದಿನ ನೀರು ಬೆಳಿಗ್ಗೆ ಬರಲಿಲ್ಲ. ನನ್ನ ಎಮ್ಮೆ ಕರು ಹಾಕಿದ ದಿನ ಅದು." ಎಲ್ಲವನ್ನೂ ಮತ್ತೆ ಬರೆದೆ. ಆಮೇಲಿಂದ ಎರಡೂ ಪುಸ್ತಕದಲ್ಲಿ ಎರಡೂ ತಾರೀಕು, ಎರಡೂ ಹೊತ್ತು ಬರೆಯುವುದು ಕಡ್ಡಾಯ ಮಾಡಿದೆವು.

ಮೀಟರ್ ಲೆಕ್ಕವೂ ಕೆಲಸಕ್ಕೆ ಬರಲಿಲ್ಲ. ಮೇಲಿನ ಸೇತುವೆಯ ಹತ್ತಿರ ಇಷ್ಟು ಮೀಟರ್ ಅಂದರೆ ಕೆಳಗಿನವರಿಗೆ ಏನು ತಿಳಿಯಬೇಕು? ಹಳೆಯ ನೆರೆಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಮನೆಮನೆಗೆ ಹೋಗಿ ಕೇಳಿದೆವು. ಶಾಲೆಯ ಮೆಟ್ಟಿಲು, ಕೈಪಂಪಿನ ಕಟ್ಟೆ, ದೇವಸ್ಥಾನದ ಜಗಲಿ. ಇವಕ್ಕೆ ಬಣ್ಣದ ಗುರುತು ಹಾಕಿ, ಮೇಲಿನ ಕಂಬದ ಗುರುತಿನ ಜೊತೆ ತಾಳೆ ಮಾಡಿದೆವು. ಆಮೇಲೆ ಫೋನಿನಲ್ಲಿ "ಹಳದಿ ದಾಟಿತು" ಅಂದರೆ ಸಾಕಾಗುತ್ತಿತ್ತು.

ಇಷ್ಟೆಲ್ಲ ಮಾಡಿಯೂ ಒಂದು ರಾತ್ರಿ ಸುದ್ದಿ ಮುಟ್ಟಲಿಲ್ಲ. ಆ ರಾತ್ರಿ ನನಗೆ ಈಗಲೂ ನೆನಪಿದೆ. ಮೇಲೆ ನೀರಿನ ಮಟ್ಟ ನೋಡಿಕೊಳ್ಳುತ್ತಿದ್ದ ದಾಜು (ನೇಪಾಳಿಯಲ್ಲಿ ಅಣ್ಣ) ಸರಿಯಾದ ಹೊತ್ತಿಗೇ ಫೋನ್ ಮಾಡಿದ್ದರು. ನಮ್ಮ ಪಟ್ಟಿಯಲ್ಲಿದ್ದ ನಾಲ್ಕು ನಂಬರುಗಳಲ್ಲಿ ಮೂರು ಪಂಜಾಬಿನಲ್ಲಿ ಹೊಡೆದುಕೊಂಡವು. ಆ ಗಂಡಸರು ಭತ್ತದ ನಾಟಿ ಕೂಲಿಗೆ ಹೋಗಿದ್ದರು. ನಾಲ್ಕನೆಯದು ಚಾರ್ಜ್ ಇಲ್ಲದೆ ಸತ್ತುಹೋಗಿತ್ತು. ಜೀವ ಹೋಗಲಿಲ್ಲ. ಆದರೆ ಒಬ್ಬ ವಿಧವೆಯ ಎರಡು ಮೇಕೆ, ವರ್ಷದ ಕಾಳು ಹೋಯಿತು. ಊರಿನಲ್ಲಿ ಯಾರು ಉಳಿದಿರುತ್ತಾರೆ ಅಂತ ನಾವು ಕೇಳಿಯೇ ಇರಲಿಲ್ಲ. ಉಳಿಯುವವರು ಹೆಂಗಸರು. ಮುಂದಿನ ಪಟ್ಟಿಯಲ್ಲಿ ಅವರದ್ದೇ ನಂಬರು ಹಾಕಿದೆವು. ಕೇಳಿದ್ದನ್ನು ಅವರು ಅಲ್ಲೇ ತಿರುಗಿ ಹೇಳಬೇಕು, ಆಗಲೇ ಕರೆ ಮುಗಿದಂತೆ ಅಂತ ನಿಯಮ ಮಾಡಿದೆವು.

ಇನ್ನೊಂದು ವಿಷಯ. ಈ ಗಡಿಯನ್ನು ನಡೆದು ದಾಟಲು ಭಾರತೀಯರಿಗಾಗಲಿ ನೇಪಾಳಿಗರಿಗಾಗಲಿ ವೀಸಾ ಬೇಡ. ಫೋನ್ ಕರೆ ಮಾತ್ರ ಐಎಸ್‌ಡಿ. ಕರೆನ್ಸಿ ಖಾಲಿಯಾಗಿ ಮಾತು ನಡುವೆಯೇ ನಿಂತದ್ದಿದೆ. ಕೊನೆಗೆ ಗಡಿಯ ಪಕ್ಕದ ಊರಿನಲ್ಲಿ ಎರಡೂ ದೇಶದ ಸಿಮ್ ಇಟ್ಟುಕೊಂಡ ಒಬ್ಬ ಅಂಗಡಿಯವರನ್ನು ನಡುವೆ ಸೇರಿಸಿಕೊಂಡೆವು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಮೇಲಿನವರ ಒಪ್ಪಿಗೆ. ಮೊದಲ ಸಭೆಯಲ್ಲಿ ಅಲ್ಲಿನ ಹಿರಿಯರೊಬ್ಬರು ಕೇಳಿದರು, "ನಿಮ್ಮ ಕಡೆಯ ರಸ್ತೆ, ಒಡ್ಡುಗಳಿಂದ ನಮ್ಮ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ನಿಮಗೋಸ್ಕರ ನಾವು ಯಾಕೆ ನಿದ್ದೆಗೆಡಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಒಡ್ಡು ತೆಗೆಸುವ ಅಧಿಕಾರ ನನಗೆಲ್ಲಿ? ಅದನ್ನು ಹಾಗೇ ಹೇಳಿದೆ. ಎರಡನೇ ಸಭೆಗೆ ಕೆಳಗಿನ ಊರಿನವರನ್ನೇ ಕರೆದುಕೊಂಡು ಹೋದೆ. ಎಲ್ಲರಿಗೂ ಮೈಥಿಲಿ ಬರುತ್ತಿತ್ತು, ನನ್ನನ್ನು ಬಿಟ್ಟು. ಹತ್ತು ನಿಮಿಷದಲ್ಲಿ ಯಾರ ಮಗಳು ಯಾವ ಊರಿಗೆ ಹೋಗಿದ್ದಾಳೆ ಅಂತ ಲೆಕ್ಕ ಶುರುವಾಯಿತು. ರೋಟಿ-ಬೇಟಿಯ ಸಂಬಂಧ, ಅಂದರೆ ಊಟದ, ಹೆಣ್ಣು ಕೊಟ್ಟು ತರುವ ನಂಟು ಅನ್ನುತ್ತಾರಲ್ಲ, ಅದು ಅಲ್ಲಿ ಬರೀ ಮಾತಲ್ಲ. ಮಳೆಗಾಲಕ್ಕೆ ಮೊದಲು ಗಡಿಯ ಹತ್ತಿರದ ಮೋರಿಗಳ ಹೂಳು ತೆಗೆಯುತ್ತೇವೆ ಅಂತ ಕೆಳಗಿನವರು ತಾವಾಗಿಯೇ ಒಪ್ಪಿಕೊಂಡರು. ಅದೇ ವರ್ಷ ತೆಗೆದರು ಕೂಡ. ಒಡ್ಡಿನ ಜಗಳ ಇನ್ನೂ ಹಾಗೇ ಇದೆ. ಅದು ಸರ್ಕಾರಗಳು ಕೂತು ಬಗೆಹರಿಸಬೇಕಾದದ್ದು, ಅಲ್ವಾ?

ಮುಂದಿನ ಮಳೆಗಾಲದ ಒಂದು ರಾತ್ರಿ ಒಂದೂವರೆಗೆ ಹಳದಿ ಗುರುತು ದಾಟಿತು. ಸುದ್ದಿ ಹಿಡಿದ ದೀದಿ ಮೂವರು ಹೆಂಗಸರನ್ನು ಎಬ್ಬಿಸಿದರು. ಕಾಳಿನ ಚೀಲ ಅಟ್ಟಕ್ಕೇರಿತು, ದನ ಒಡ್ಡಿನ ಮೇಲೆ ಹೋದವು, ತುಂಬು ಬಸುರಿಯೊಬ್ಬರನ್ನು ರಸ್ತೆಯ ತನಕ ಎತ್ತಿಕೊಂಡು ಹೋದರು. ನೀರು ಬಂದಾಗ ಬೆಳಕು ಹರಿದಿತ್ತು. ಶಾಲೆಯ ಎರಡನೇ ಮೆಟ್ಟಿಲಿಗೆ ಬಂದು ನಿಂತಿತು. ದೀದಿ ಮೊದಲು ಫೋನ್ ಮಾಡಿದ್ದು ನನಗಲ್ಲ, ಮೇಲಿನ ದಾಜುಗೆ. "ಎಲ್ಲರೂ ಇದ್ದೇವೆ. ನೀವಿನ್ನು ಮಲಗಿ."