ಹುಡುಗಿಯರ ಕಬಡ್ಡಿ ತಂಡ: ಊರು, ಶಾಲೆ, ಕಂಪನಿಯನ್ನು ಜೊತೆಗೂಡಿಸುವುದು ಹೇಗೆ?

ತೀರ್ಥಹಳ್ಳಿ, ಹೊಸನಗರದ ಕಡೆ ಹೊನಲು ಬೆಳಕಿನ ಕಬಡ್ಡಿಗೆ ಬರವಿಲ್ಲ. ಬ್ಯಾನರಿನ ತುಂಬ ದಾನಿಗಳ ಫೋಟೊ. ಅಂಕಣದಲ್ಲಿ ಹುಡುಗಿಯರನ್ನು ಮಾತ್ರ ಹುಡುಕಬೇಕು.

ತಂಡ ಕಟ್ಟಲು ಹೊರಟವರು ಮೊದಲು ಹಣ ಕೇಳಬೇಡಿ, ಹುಡುಗಿಯರ ಸಂಜೆ ಕೇಳಿ. ಸ್ತ್ರೀಶಕ್ತಿ ಸಂಘದ ಇಬ್ಬರನ್ನು ಕರೆದುಕೊಂಡು ಮನೆಮನೆಗೆ ಹೋಗಿ. ‘ಕಳಿಸ್ಬಹುದು ಮೇಷ್ಟ್ರೇ, ಕೊಟ್ಟಿಗೆ ಕೆಲ್ಸ ಯಾರು ಮಾಡ್ತಾರೆ?’ ಎಂದು ತಾಯಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ವಾರಕ್ಕೆ ಮೂರು ಸಂಜೆ ಅಣ್ಣ ಹುಲ್ಲು ಹಾಕಲಿ ಎಂದು ಅಪ್ಪನ ಎದುರಿಗೇ ಒಪ್ಪಿಸಿ. ಸಮಾನತೆಯ ಭಾಷಣ ಅಲ್ಲಿ ಬೇಕಾಗಿಲ್ಲ. ಅಡಿಕೆ ಸುಲಿತದ ದಿನಗಳಲ್ಲಿ ಸಂಜೆ ಆಸೆ ಬಿಡಿ, ಪ್ರಾಕ್ಟೀಸನ್ನು ಬೆಳಗಿನ ಹೊತ್ತಿಗೆ ತನ್ನಿ. ‘ಹೆಣ್ಮಕ್ಕಳಿಗೆ ಕಬಡ್ಡಿಯಾ?’ ಎಂದವರಿಗೆ ಆಗುಂಬೆ ಘಾಟಿಯ ಕೆಳಗಿನ ಕಾರ್ಕಳದ ಮಮತಾ ಪೂಜಾರಿ ಹೆಸರು ಹೇಳಿ: 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ, ಅರ್ಜುನ ಪ್ರಶಸ್ತಿ.

ಜಾಗ ದೊಡ್ಡ ಸಮಸ್ಯೆಯಲ್ಲ. ಮಹಿಳೆಯರ ಅಂಕಣಕ್ಕೆ 12 ಮೀಟರ್ ಉದ್ದ, 8 ಮೀಟರ್ ಅಗಲ ಸಾಕು. ಮಳೆಗಾಲದಲ್ಲಿ ಮೈದಾನ ಕೆಸರುಗದ್ದೆ. ಆಗ ಶಾಲೆಯ ಹಾಲ್‌ನಲ್ಲಿ ಕಸರತ್ತು ಮಾಡಿಸಿ.

ಆಮೇಲೆ ಎಲ್ಲರನ್ನೂ ಕೂರಿಸಿ ಯಾರು ಏನು ಕೊಡುತ್ತಾರೆ ಎಂದು ಒಂದೇ ಹಾಳೆಯಲ್ಲಿ ಬರೆದು ಸಹಿ ಹಾಕಿಸಿ. ಪಂಚಾಯಿತಿಯಿಂದ ಲೈಟು, ಚಿಲಕವಿರುವ ಶೌಚಾಲಯ. ಶಾಲೆಯಿಂದ ಪಿ.ಇ. ಮೇಷ್ಟ್ರು. ಸ್ತ್ರೀಶಕ್ತಿ ಸಂಘದಿಂದ ಪ್ರತಿ ಪ್ರಾಕ್ಟೀಸಿಗೂ ಒಬ್ಬ ಮಹಿಳೆ. ದೂರಿದ್ದರೆ ಮಕ್ಕಳು ಹೇಳಬೇಕಾದದ್ದು ಅವರಿಗೇ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿರಲಿ. ಯುವಕ ಮಂಡಳಿ ತನ್ನ ಪಂದ್ಯಾವಳಿಯಲ್ಲಿ ಮಹಿಳಾ ವಿಭಾಗ ಇಡಬೇಕು, ಬಹುಮಾನದ ಮೊತ್ತ ಗಂಡಸರಿಗೆ ಕೊಟ್ಟಷ್ಟೇ. ಜಗಳ ಏಳುವುದು ಇಲ್ಲೇ, ಬಿಟ್ಟುಕೊಡಬೇಡಿ.

ಕಂಪನಿಯ ಬಾಗಿಲು ತಟ್ಟುವುದು ಈಗ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಗ್ರಾಮೀಣ ಕ್ರೀಡೆಯ ತರಬೇತಿ ಆ ಪಟ್ಟಿಯಲ್ಲಿದೆ. ಹೆಸರು ಮಾಡಿಕೊಳ್ಳಲು ಒಂದು ದಿನದ ಟೂರ್ನಮೆಂಟಿಗೆ ಕೊಡುವ ಪ್ರಾಯೋಜಕತ್ವ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಜೆರ್ಸಿ, ಟ್ರೋಫಿ ಬಿಟ್ಟು ವರ್ಷವಿಡೀ ತರಬೇತಿ ಕೇಳಿ; ಮಹಿಳಾ ಕೋಚ್‌ನ ಸಂಬಳ, ಮ್ಯಾಟ್, ಶೂ, ಮೊಟ್ಟೆ ಅರ್ಜಿಯಲ್ಲಿರಲಿ. ಕಂಪನಿ ನಿಮ್ಮ ಮೂಲಕ ಹಣ ಖರ್ಚು ಮಾಡಬೇಕಾದರೆ ಸಂಸ್ಥೆಗೆ ಸಿಎಸ್‌ಆರ್-1 (ಕಂಪನಿಗಳ ಈ ಸಾಮಾಜಿಕ ಹಣ ಬಳಸುವ ಸಂಸ್ಥೆಗಳ) ನೋಂದಣಿ ಬೇಕು. ಇಲ್ಲದಿದ್ದರೆ ನೋಂದಣಿ ಇರುವ ಟ್ರಸ್ಟ್ ಜೊತೆ ಸೇರಿಕೊಳ್ಳಿ.

ಬಸ್ ಚಾರ್ಜ್ ಮರೆಯಬೇಡಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗಷ್ಟೇ. ನಮ್ಮ ಎಷ್ಟೋ ಊರಿಗೆ ಬರುವುದು ಖಾಸಗಿ ಬಸ್ಸು. ಕೊನೆಯ ಬಸ್ಸಿನ ಟೈಮು ನೋಡಿಕೊಂಡೇ ಪ್ರಾಕ್ಟೀಸ್ ಮುಗಿಸಿ.

ಹಾಜರಿ ಪುಸ್ತಕದಲ್ಲಿ ‘ಬಾರದ ಕಾರಣ’ ಎಂಬ ಕಾಲಂ ಇಡಿ. ಮುಟ್ಟು, ಬಸ್ಸಿಲ್ಲ, ಅಮ್ಮನಿಗೆ ಜ್ವರ, ‘ಅಪ್ಪ ಬೇಡ ಅಂದ್ರು’: ಇದ್ದದ್ದನ್ನು ಇದ್ದಂತೆ ಬರೆಯಿರಿ. ತಿಂಗಳ ಸಭೆಯಲ್ಲಿ, ಯಾರ ಹೆಸರೂ ಹೇಳದೆ, ಸಹಿ ಹಾಕಿದ ಎಲ್ಲರ ಮುಂದೆ ಆ ಕಾಲಂ ಓದಿ.