ಎರಡು ಕಂಪ್ಯೂಟರ್, ಒಂದು ಕೇಬಲ್, ಕೆಲವು ಮಿಲಿಸೆಕೆಂಡು

ಸಂಗೀತ ಸಂಯೋಜನೆಗೆಂದು ಸ್ಟ್ರಿಂಗ್ಸ್ (ತಂತಿವಾದ್ಯ), ಕಾಯಿರ್ (ಗಾಯನವೃಂದ) ಅಂತ ಸ್ಯಾಂಪಲ್ ಲೈಬ್ರರಿಗಳು, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಸ್ವರಗಳ ಸಂಗ್ರಹಗಳು, ಸೇರುತ್ತಾ ಹೋದ ಹಾಗೆ ನನ್ನ ಮುಖ್ಯ ಕಂಪ್ಯೂಟರಿನ ರ‍್ಯಾಮ್ ಸಾಲದಾಯಿತು. ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪಿಗೆ ವಿಯೆನ್ನಾ ಎನ್‌ಸೆಂಬಲ್ ಪ್ರೊ (ಇನ್ನೊಂದು ಕಂಪ್ಯೂಟರಿನಲ್ಲಿ ವಾದ್ಯಗಳನ್ನು ಓಡಿಸುವ ಸಾಫ್ಟ್‌ವೇರ್) ಹಾಕಿ, ಲೈಬ್ರರಿಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಸದ್ದನ್ನು ನೆಟ್‌ವರ್ಕ್ ಮೂಲಕ ಮುಖ್ಯ ಯಂತ್ರದ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ಗೆ ತರಿಸಿಕೊಂಡೆ. ಭಾರವೇನೋ ಇಳಿಯಿತು. ಆದರೆ ಕೀಬೋರ್ಡ್ ನುಡಿಸಲು ಬಂದ ಹುಡುಗ ನಾಲ್ಕು ಸಾಲು ನುಡಿಸಿ ಕೈ ತೆಗೆದ: “ಸಾರ್, ಕೈ ಮುಂದೆ ಹೋಗ್ತಿದೆ, ಸೌಂಡು ಹಿಂದೆ ಬರ್ತಿದೆ.”

ಇಂಥ ಹೊತ್ತಿನಲ್ಲಿ ಎಲ್ಲರೂ ನೆಟ್‌ವರ್ಕ್ ಸ್ಪೀಡನ್ನೇ ಬೈಯುತ್ತಾರೆ. ಲೆಕ್ಕ ಹಾಕಿ ನೋಡಿ: 48 ಕಿಲೋಹರ್ಟ್ಸ್ (ಸೆಕೆಂಡಿಗೆ ಸದ್ದಿನ 48,000 ಅಳತೆ; ಒಂದೊಂದು ಅಳತೆಯೂ ಒಂದು ‘ಸ್ಯಾಂಪಲ್’), 32 ಬಿಟ್‌ನ ಒಂದು ಸ್ಟೀರಿಯೊ ಜೋಡಿಗೆ ಸೆಕೆಂಡಿಗೆ ಸುಮಾರು 3 ಮೆಗಾಬಿಟ್. 50 ಜೋಡಿ ಕಳಿಸಿದರೂ 150 ಚಿಲ್ಲರೆ. ಗಿಗಾಬಿಟ್ ಕೇಬಲ್ಲಿಗೆ ಅದು ಯಾವ ಲೆಕ್ಕ? ತೊಂದರೆ ಇರುವುದು ಹೊತ್ತಿಗೆ ಸರಿಯಾಗಿ ತಲುಪುವುದರಲ್ಲಿ. ಬಫರ್ (ಒಂದು ಕಂತಿನ ಸದ್ದನ್ನು ಕೂಡಿಡುವ ಜಾಗ) 128 ಸ್ಯಾಂಪಲ್ ಇದ್ದರೆ 2.7 ಮಿಲಿಸೆಕೆಂಡಿಗೊಮ್ಮೆ ಒಂದು ಕಂತು ಬಂದೇ ತೀರಬೇಕು. ಒಂದೇ ಒಂದು ತಡವಾದರೂ ಸ್ಪೀಕರಿನಲ್ಲಿ ‘ಪಟ್’. ಅದನ್ನು ತಪ್ಪಿಸಲು ಬಫರ್ ಹೆಚ್ಚಿಸುತ್ತೇವೆ, ಲೇಟೆನ್ಸಿ (ಕೀಲಿ ಒತ್ತಿದ್ದಕ್ಕೂ ಸದ್ದು ಕೇಳುವುದಕ್ಕೂ ನಡುವಿನ ವಿಳಂಬ) ಬೆಳೆಯುತ್ತದೆ.

ಹಾಗಾಗಿ ಬಫರ್ ಮುಟ್ಟುವ ಮೊದಲು ದಾರಿ ಚೊಕ್ಕ ಮಾಡಿದೆ. ವೈಫೈ ಈ ಕೆಲಸಕ್ಕೆ ಬೇಡವೇ ಬೇಡ. ರೂಟರನ್ನೂ ಬಿಟ್ಟು ಎರಡೂ ಯಂತ್ರಗಳ ನಡುವೆ ನೇರವಾಗಿ ಕ್ಯಾಟ್ 6 ಕೇಬಲ್ ಎಳೆದೆ (ಗಿಗಾಬಿಟ್ ಕಾರ್ಡುಗಳಿಗೆ ಕ್ರಾಸ್‌ಓವರ್ ಕೇಬಲ್ ಬೇಕಿಲ್ಲ). 192.168.10.1, 192.168.10.2 ಎಂದು ಐಪಿ ವಿಳಾಸ ನಾನೇ ಕೊಟ್ಟು ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಹೋಗುವ ದಾರಿ) ಖಾಲಿ ಬಿಟ್ಟೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಕಾರ್ಡಿನ ಅಡ್ವಾನ್ಸ್‌ಡ್ ಪುಟ ತೆರೆದರೆ ಎರಡು ಸಾಲು ಸಿಗುತ್ತವೆ. ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ವಿದ್ಯುತ್ ಉಳಿಸಲು ನಡುನಡುವೆ ಲಿಂಕನ್ನು ಮಲಗಿಸುತ್ತದೆ. ಇಂಟರಪ್ಟ್ ಮಾಡರೇಶನ್ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸಿಕೊಂಡು ಆಮೇಲೆ ಪ್ರೊಸೆಸರನ್ನು ಕರೆಯುತ್ತದೆ. ಕಡತ ಕಾಪಿ ಮಾಡುವವರಿಗೆ ಇವು ಒಳ್ಳೆಯವೇ, ನಮಗಲ್ಲ. ಎರಡನ್ನೂ ಆಫ್ ಮಾಡಿದೆ. ಯಾವ ಡ್ರೈವರ್ ಪ್ರೊಸೆಸರನ್ನು ತಡೆಯುತ್ತಿದೆ ಎಂದು ತೋರಿಸುವ ಲೇಟೆನ್ಸಿಮಾನ್ ಓಡಿಸಿದಾಗ ವೈಫೈ ಡ್ರೈವರ್ ಸುಮ್ಮನಿದ್ದೂ ಪ್ರೊಸೆಸರನ್ನು ತಡೆಹಿಡಿಯುತ್ತಿದ್ದದ್ದು ಕಂಡಿತು; ರೆಕಾರ್ಡಿಂಗ್ ವೇಳೆ ಅದನ್ನೂ ಡಿಸೇಬಲ್ ಮಾಡುತ್ತೇನೆ.

ಆಮೇಲೆ ಬಫರ್. ಆಡಿಯೊ ಇಂಟರ್‌ಫೇಸಿನದು (ಮೈಕ್, ಸ್ಪೀಕರುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) 256 ಸ್ಯಾಂಪಲ್‌ನಿಂದ 128ಕ್ಕೆ ಇಳಿಯಿತು. ಹಳೆಯ ಯಂತ್ರದ ಸದ್ದನ್ನು ರೀಪರ್ ಒಳಗೆ ತರುವ ವಿಯೆನ್ನಾ ಪ್ಲಗಿನ್ ಅದರ ಮೇಲೆ ತನ್ನದೂ ಸೇರಿಸುತ್ತದೆ: 256ರಲ್ಲಿ ಎರಡು ಬಫರ್ ಎಂದರೆ 10.7 ಮಿಲಿಸೆಕೆಂಡು, 128ರಲ್ಲಿ ಒಂದಾದರೆ 2.7. ಸೊನ್ನೆಗೂ ಇಡಬಹುದು, ನನ್ನ ಹಳೆಯ ಯಂತ್ರ ತಾಳಲಿಲ್ಲ.

ತೆರೆಯ ಮೇಲಿನ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಕೀಬೋರ್ಡಿನ ಪಕ್ಕ ಮೈಕ್ ಇಟ್ಟು ಕೀಲಿಯನ್ನು ಜೋರಾಗಿ ಒತ್ತಿ ರೆಕಾರ್ಡ್ ಮಾಡಿ: ಬೆರಳಿನ ‘ಟಕ್’ ಮೊದಲು, ಸ್ವರ ಆಮೇಲೆ, ಎರಡೂ ಒಂದೇ ಅಲೆಯಲ್ಲಿ ಕಾಣುತ್ತವೆ. ನಡುವಿನ ಅಂತರವೇ ನಿಜವಾದ ಲೇಟೆನ್ಸಿ. ನನ್ನಲ್ಲಿ ಅದು 24 ಮಿಲಿಸೆಕೆಂಡಿನ ಆಸುಪಾಸಿನಿಂದ 13ಕ್ಕೆ ಬಂತು. ಅದರಲ್ಲೂ 3 ಮಿಲಿಸೆಕೆಂಡು ಒಂದು ಮೀಟರ್ ದೂರದ ಸ್ಪೀಕರಿನಿಂದ ಗಾಳಿಯಲ್ಲಿ ಬರುವುದಕ್ಕೇ ಹೋಗುತ್ತದೆ; ಹೆಡ್‌ಫೋನ್ ಹಾಕಿದರೆ ಅದೂ ಉಳಿಯಿತು.

ಸ್ಟ್ರಿಂಗ್ಸ್‌ಗೆ ಇಷ್ಟು ಸಾಕು. ತಾಳವಾದ್ಯಕ್ಕೆ ಸಾಲದು, ಡ್ರಮ್ ಪ್ಯಾಡ್ ಬಡಿಯುವವರು ಕೂಡಲೇ ಗುರುತಿಸುತ್ತಾರೆ. ಆದ್ದರಿಂದ ಪ್ಯಾಡಿನ ಸದ್ದುಗಳನ್ನು ಮುಖ್ಯ ಯಂತ್ರದಲ್ಲೇ ಇಟ್ಟಿದ್ದೇನೆ. ಕಾಯಿರ್ ಭಾಗವನ್ನೂ ಮೊದಲು ಹಗುರ ಪಿಯಾನೊ ಸದ್ದಿನಲ್ಲಿ ನುಡಿಸಿ, ಮಿಡಿ ಟ್ರ್ಯಾಕನ್ನು (ಸದ್ದಲ್ಲ, ಯಾವ ಕೀಲಿ ಯಾವಾಗ ಒತ್ತಿದ್ದು ಎಂಬ ದಾಖಲೆ) ಆಮೇಲೆ ಸರ್ವರಿಗೆ, ಅಂದರೆ ಆ ಹಳೆಯ ಡೆಸ್ಕ್‌ಟಾಪಿಗೆ, ತಿರುಗಿಸುತ್ತೇವೆ. ಪ್ಲೇಬ್ಯಾಕಿನಲ್ಲಿ ಆ ವಿಳಂಬವನ್ನು ರೀಪರ್ ತಾನೇ ಸರಿದೂಗಿಸುತ್ತದೆ. ಮಿಕ್ಸಿಂಗ್‌ಗೆ ಕೂತಾಗ ಬಫರನ್ನು 512ಕ್ಕೆ ಏರಿಸಿಬಿಡುತ್ತೇನೆ.