ಕಾರಿಗೆ ಹೊಸ ಸ್ಟೀರಿಯೊ: ವೈರ್ ಕತ್ತರಿಸಬೇಡಿ, ಕಪ್ಲರ್ ಕೇಳಿ

ಮೊದಲ ಸಲ ಕಾರಿಗೆ ಸ್ಟೀರಿಯೊ ಹಾಕಿಸಿದಾಗ ನಾನು ನೋಡಿದ್ದು ಸ್ಕ್ರೀನ್ ಮಾತ್ರ. ಹಿಂದೆ ವೈರ್ ಹೇಗೆ ಕೂಡಿಸಿದ್ದಾರೆ ಎಂದು ಕೇಳಲೇ ಇಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ, ಹೊಂಡ ಬಂದಾಗೆಲ್ಲ ಹಾಡು ನಿಲ್ಲತೊಡಗಿತು. ಬಿಚ್ಚಿಸಿ ನೋಡಿದರೆ ಕಾರಿನ ಮೂಲ ವೈರ್‌ಗಳನ್ನೆಲ್ಲ ಕತ್ತರಿಸಿ, ಕೈಯಲ್ಲಿ ತಿರುಚಿ, ಟೇಪ್ ಸುತ್ತಿದ್ದರು. ಟೇಪಿನ ಅಂಟು ಬಿಟ್ಟಿತ್ತು. ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು.

ಕಾರವಾರದ ಗಾಳಿಯಲ್ಲಿ ಉಪ್ಪಿದೆ. ಮನೆ ಕಿಟಕಿಯ ಸರಳಿಗೇ ತುಕ್ಕು ಹಿಡಿಯುತ್ತದೆ, ಇನ್ನು ಬರಿಯ ತಾಮ್ರದ ಎಳೆ ಉಳಿಯುತ್ತದಾ? ಹಾಗಾಗಿ ನಮ್ಮ ಕಡೆ ಸ್ಟೀರಿಯೊ ಕೊಳ್ಳುವಾಗ ಸ್ಕ್ರೀನಿಗಿಂತ ಮೊದಲು ಜೋಡಣೆಯ ಬಗ್ಗೆ ಯೋಚಿಸಬೇಕು.

ಕೊಳ್ಳುವ ಮೊದಲು

ಡ್ಯಾಶ್‌ಬೋರ್ಡಿನ ಜಾಗ ಅಳೆಯಿರಿ. ಸಿಂಗಲ್ ಡಿನ್ ಎಂದರೆ ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್ ಅಷ್ಟೇ ಅಗಲ, ಎತ್ತರ ಮಾತ್ರ 100. 9 ಇಂಚಿನ ಸ್ಕ್ರೀನ್ ಬೇಕಿದ್ದರೆ ನಿಮ್ಮ ಕಾರಿನ ಮಾಡೆಲಿಗೇ ಮಾಡಿದ ಫ್ರೇಮ್ ಬೇಕು. ಫ್ರೇಮ್ ಸಡಿಲವಾಗಿದ್ದರೆ ದೇವಿಮನೆ ಘಟ್ಟದ ತಿರುವುಗಳಲ್ಲಿ ಕಟಕಟ ಶಬ್ದ ಶುರುವಾಗುತ್ತದೆ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ‘50 ವ್ಯಾಟ್ × 4’ ನೋಡಿ ಮರುಳಾಗಬೇಡಿ. ಅದು ಒಂದು ಕ್ಷಣ ಮುಟ್ಟಬಹುದಾದ ಗರಿಷ್ಠ ಶಕ್ತಿ. ಆರ್‌ಎಂಎಸ್ ಎಂಬ ಅಂಕಿ ಹುಡುಕಿ, ಅದು ಸತತವಾಗಿ ಕೊಡಬಲ್ಲ ಶಕ್ತಿ. ಹೊರಗಿನ ಆಂಪ್ಲಿಫೈಯರ್ ಇಲ್ಲದ ಸ್ಟೀರಿಯೊಗಳಲ್ಲಿ ಅದು ಸಾಮಾನ್ಯವಾಗಿ 15ರಿಂದ 22 ವ್ಯಾಟ್ ಇರುತ್ತದೆ. ಕಾರಿನೊಳಗೆ ಅಷ್ಟು ಧಾರಾಳ ಸಾಕು. ಹಣ ಸೀಮಿತವಾಗಿದ್ದರೆ ಸ್ಕ್ರೀನ್ ಸಣ್ಣದು ಮಾಡಿ, ಮುಂದಿನ ಎರಡು ಸ್ಪೀಕರ್ ಒಳ್ಳೆಯವು ಹಾಕಿ.

ಅಂಗಡಿಯಲ್ಲಿ ಅವರ ಹಾಡು ಕೇಳಬೇಡಿ, ನಿಮ್ಮ ಪೆನ್‌ಡ್ರೈವ್ ಒಯ್ಯಿರಿ. ನಾನು ಯಕ್ಷಗಾನದ ರೆಕಾರ್ಡಿಂಗ್ ಹಾಕಿ ನೋಡುತ್ತೇನೆ. ಭಾಗವತರ ಧ್ವನಿ ಎದುರಿನಿಂದ ಸ್ಪಷ್ಟವಾಗಿ ಬರಬೇಕು. ಚಂಡೆ ಜೋರಾದಾಗ ಕಿವಿಗೆ ಚುಚ್ಚಬಾರದು. ಚಂಡೆಯ ಅಡಿಯಲ್ಲಿ ಮದ್ದಳೆ ಬೇರೆಯಾಗಿ ಕೇಳಿದರೆ ಆ ಸ್ಪೀಕರ್ ಕೊಳ್ಳಬಹುದು. ಬ್ಲೂಟೂತ್ ಜೊತೆ ಯುಎಸ್‌ಬಿ ಇರಲೇಬೇಕು. ಘಟ್ಟದಲ್ಲಿ ಮೊಬೈಲ್ ನೆಟ್‌ವರ್ಕ್ ಬಿಟ್ಟುಹೋಗುತ್ತದೆ, ಅಲ್ವಾ?

ಕೂಡಿಸುವಾಗ

ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಹೆಚ್ಚಿನ ಕಾರುಗಳಿಗೆ 10 ನಂಬರ್ ಸ್ಪ್ಯಾನರ್ ಸಾಕು. ಡ್ಯಾಶ್‌ಬೋರ್ಡಿನ ಪಟ್ಟಿ ತೆಗೆಯಲು ಪ್ಲಾಸ್ಟಿಕ್ ಚಪ್ಪಟೆ ಕಡ್ಡಿಯನ್ನೇ ಬಳಸಿ. ಸ್ಕ್ರೂಡ್ರೈವರ್ ಹಾಕಿದರೆ ಗೀರು ಬೀಳುತ್ತದೆ. ಒಳಗೆ ಹಳದಿ ಬಣ್ಣದ ಕಪ್ಲರ್ (ವೈರ್‌ಗಳನ್ನು ಕೂಡಿಸುವ ಪ್ಲಗ್) ಕಂಡರೆ ಮುಟ್ಟಬೇಡಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು.

ಈಗ ಮುಖ್ಯ ಕೆಲಸ. ಅಂಗಡಿಯವರಿಗೆ ‘ನನ್ನ ಕಾರಿನ ಕಪ್ಲರ್ ಕೊಡಿ’ ಎಂದು ಮೊದಲೇ ಹೇಳಿ. ಅದರ ಒಂದು ತುದಿ ಕಾರಿನ ಮೂಲ ಪ್ಲಗ್ಗಿಗೆ ಕೂರುತ್ತದೆ. ಇನ್ನೊಂದು ತುದಿಯ ವೈರ್‌ಗಳು ಸ್ಟೀರಿಯೊದ ವೈರ್‌ಗಳಿಗೆ. ಹೀಗಾದರೆ ಕಾರಿನ ಒಂದು ವೈರನ್ನೂ ಕತ್ತರಿಸಬೇಕಿಲ್ಲ. ವಾರಂಟಿಯ ತಕರಾರೂ ಕಡಿಮೆ. ಬಣ್ಣಗಳು ಹೆಚ್ಚಿನ ಸ್ಟೀರಿಯೊಗಳಲ್ಲಿ ಒಂದೇ: ಹಳದಿಗೆ ಸದಾ 12 ವೋಲ್ಟ್, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತಿಂಗ್ (ಕಾರಿನ ಲೋಹದ ಮೈಗೆ ಹೋಗುವ ಮೈನಸ್). ಬಿಳಿ ಮತ್ತು ಬೂದು ಮುಂದಿನ ಸ್ಪೀಕರಿಗೆ, ಹಸಿರು ಮತ್ತು ನೇರಳೆ ಹಿಂದಿನದಕ್ಕೆ. ಕಪ್ಪು ಗೆರೆ ಇದ್ದದ್ದು ಮೈನಸ್.

ಯುರೋಪಿನ ಕೆಲವು ಕಾರುಗಳಲ್ಲಿ ಹಳದಿ, ಕೆಂಪು ಅದಲು ಬದಲಾಗಿರುತ್ತವೆ. ಕೀ ತೆಗೆದಾಗೆಲ್ಲ ಗಡಿಯಾರ, ಸ್ಟೇಷನ್ ಮರೆತುಹೋದರೆ ಇದೇ ಕಾರಣವಿರಬಹುದು. ನೀಲಿ ವೈರನ್ನು ಸುಮ್ನೆ ಬಿಡಬೇಡಿ. ಕಾರಿನ ಆಂಟೆನಾಕ್ಕೆ ಬೂಸ್ಟರ್ ಇದ್ದರೆ ಅದಕ್ಕೆ ಕರೆಂಟ್ ಹೋಗುವುದು ಇದರಿಂದಲೇ. ಇದನ್ನು ಬಿಟ್ಟರೆ ಊರು ದಾಟುತ್ತಿದ್ದಂತೆ ಎಫ್‌ಎಂ ಬರೀ ಗೊರಗೊರ. ಸ್ಪೀಕರಿನ ಮೈನಸ್ಸನ್ನು ಮಾತ್ರ ಯಾವತ್ತೂ ಕಾರಿನ ಲೋಹದ ಮೈಗೆ ಕೂಡಿಸಬಾರದು. ಸ್ಟೀರಿಯೊದ ಆಂಪ್ಲಿಫೈಯರ್ ಸುಟ್ಟುಹೋಗಬಹುದು.

ಪ್ರತಿ ಜೋಡಣೆಗೂ ಬೆಸುಗೆ ಹಾಕಿಸಿ ಅಥವಾ ಕ್ರಿಂಪ್ ಮಾಡಿಸಿ (ಲೋಹದ ಕೊಳವೆಯೊಳಗೆ ವೈರ್ ಇಟ್ಟು ಒತ್ತಿ ಬಿಗಿಸುವುದು). ಮೇಲೆ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ, ಬಿಸಿ ಮಾಡಿ ಬಿಗಿಯಾಗಿಸಲಿ. ಒಳಗೆ ಅಂಟು ಇರುವ ಟ್ಯೂಬ್ ಸಿಕ್ಕರೆ ತೇವ ಒಳಗೆ ಹೋಗುವುದಿಲ್ಲ. ಅರ್ತಿಂಗ್ ಪ್ರತ್ಯೇಕವಾಗಿ ಕೂಡಿಸುವುದಿದ್ದರೆ, ಆ ಜಾಗದ ಪೇಂಟ್ ಕೆರೆದು ಬರಿಯ ಲೋಹಕ್ಕೆ ಸ್ಕ್ರೂ ಬಿಗಿಯಬೇಕು, ಮೇಲೆ ಸ್ವಲ್ಪ ಗ್ರೀಸ್ ಸವರಬೇಕು. ಇಲ್ಲಿ ತುಕ್ಕು ಬಂದರೆ ಎಂಜಿನ್ ವೇಗಕ್ಕೆ ತಕ್ಕಂತೆ ಸ್ಪೀಕರಿನಲ್ಲಿ ಕುಂಯ್ ಎಂಬ ಶಬ್ದ ಬರಬಹುದು. ಫ್ಯೂಸ್ 10 ಆಂಪ್ ಇದ್ದರೆ 10ರದ್ದೇ ಹಾಕಿ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದೊಡ್ಡದು ಹಾಕಿದರೆ ವೈರಿಗೇ ಬೆಂಕಿ ಹತ್ತಬಹುದು.

ಪಟ್ಟಿ ಮುಚ್ಚುವ ಮೊದಲು

ಬ್ಯಾಟರಿ ಕೂಡಿಸಿ ಎಲ್ಲ ನೋಡಿ. ಬ್ಯಾಲೆನ್ಸ್ (ಎಡ-ಬಲ), ಫೇಡರ್ (ಮುಂದೆ-ಹಿಂದೆ) ಬದಲಿಸುತ್ತಾ ಒಂದೊಂದೇ ಸ್ಪೀಕರ್ ಕೇಳಿ. ಎಲ್ಲ ಸ್ಪೀಕರ್ ಹಾಡಿದರೂ ಮದ್ದಳೆಯ ತೂಕ ಕಾಣೆಯಾಗಿದ್ದರೆ ಯಾವುದೋ ಒಂದರ ಪ್ಲಸ್ ಮೈನಸ್ ತಿರುಗಾ ಆಗಿರಬಹುದು. ಯಾವುದೆಂದು ತಿಳಿಯಲು ಒಂದೊಂದೇ ಸ್ಪೀಕರಿನ ವೈರ್‌ಗಳನ್ನು ಸ್ಟೀರಿಯೊದಿಂದ ಬಿಡಿಸಿ, 1.5 ವೋಲ್ಟಿನ ಗಡಿಯಾರದ ಸೆಲ್ ಮುಟ್ಟಿಸಿ. ಪ್ಲಸ್ಸಿಗೆ ಪ್ಲಸ್ ಸರಿ ಇದ್ದರೆ ಸ್ಪೀಕರಿನ ಹಾಳೆ ಹೊರಕ್ಕೆ ಉಬ್ಬುತ್ತದೆ.

ಎಲ್ಲ ಸರಿ ಇದ್ದರೆ ಪಟ್ಟಿ ಮುಚ್ಚಿ, ಸಿರ್ಸಿಯಿಂದ ಕುಮಟೆಗೆ ಒಮ್ಮೆ ಘಟ್ಟ ಇಳಿದು ಬನ್ನಿ. ಫ್ರೇಮ್ ಅಲುಗಿದರೆ ಅಂಚಿಗೆ ಫೆಲ್ಟ್ ಟೇಪ್ ಅಂಟಿಸಿ. ಬಿಲ್ಲು ಜೋಪಾನ ಮಾಡಿ, ಮುಂದಿನ ಸಲ ಇನ್ಶೂರೆನ್ಸ್ ರಿನ್ಯೂ ಮಾಡಿಸುವಾಗ ಸ್ಟೀರಿಯೊ ಸೇರಿಸಲು ಕೇಳಿ. ಮಳೆಗಾಲ ಮುಗಿದ ಮೇಲೆ, ದಸರಾ ಹೊತ್ತಿಗೆ, ಪಟ್ಟಿ ಬಿಚ್ಚಿಸಿ ಅರ್ತಿಂಗ್ ಸ್ಕ್ರೂವನ್ನು ಒಮ್ಮೆ ಕಣ್ಣಾರೆ ನೋಡಿಬಿಡಿ.